ಹಳೇ ಷರ್ಟುಗಳ ಕೌದಿ: ಡಿಸೈನ್ ಎಲ್ಲಿಂದ ಶುರು ಮಾಡಲಿ?

ಮೊದಲಹೊಲಿಗೆ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹೊಲಿಗೆ ಮೆಷಿನ್ ಇದೆ. ದಿಂಬಿನ ಕವರು, ಕೈಚೀಲ, ಪರದೆ ಇಷ್ಟು ಹೊಲಿದು ಗೊತ್ತು. ಕೌದಿ ಇದೇ ಮೊದಲು. ಬೀರು ಖಾಲಿ ಮಾಡುವಾಗ ಸಿಕ್ಕ ಬಟ್ಟೆ ಇಷ್ಟು: ಗಂಡಸರ ತುಂಬುತೋಳಿನ ಷರ್ಟು 9 (ಅದರಲ್ಲಿ 7 ತಿಳಿನೀಲಿ, ಬಿಳಿ ಇಂಥ ತಿಳಿಬಣ್ಣದ್ದು, ಒಂದು ಕಡುನೀಲಿ ಚೌಕಳಿ, ಒಂದು ಕಾಫಿ ಬಣ್ಣ), ಜೀನ್ಸ್ 2, ಟೀ ಷರ್ಟು 6, ಮರೂನ್ ಕಾಟನ್ ಫ್ರಾಕ್ 1, ಮಿರಮಿರ ಅನ್ನುವ ರೇಷ್ಮೆ ಬ್ಲೌಸ್ 2, ಯಾವ ಬಟ್ಟೆ ಅಂತಲೇ ಗೊತ್ತಿಲ್ಲದ ಹಸಿರು ಸ್ಕರ್ಟ್ 1.

ಗ್ರಾಫ್ ಹಾಳೆಯಲ್ಲಿ ಒಂದು ಡಿಸೈನ್ ಬರೆದಿದ್ದೇನೆ. ನಡುವೆ ದೊಡ್ಡ ನಕ್ಷತ್ರ, ಸುತ್ತ ಚಿಕ್ಕ ನಕ್ಷತ್ರಗಳು, ಒಟ್ಟು 168 ತ್ರಿಕೋನ. ಬಣ್ಣದ ಪೆನ್ಸಿಲ್ಲಿನಲ್ಲಿ ತುಂಬಿಯೂ ಆಯ್ತು, ಹಾಳೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಪ್ರಶ್ನೆ ಏನಂದ್ರೆ, ಯಾವ ಬಟ್ಟೆಯಿಂದ ಎಷ್ಟು ತ್ರಿಕೋನ ಕತ್ತರಿಸಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಕತ್ತರಿಮಾಮಿ
ಮೊದಲು ಕತ್ತರಿ ಕೆಳಗಿಡಿ. 🙂

ಅಂಗಡಿಯಿಂದ ಹೊಸ ಬಟ್ಟೆ ತರುವವರು ಚಿತ್ರ ಬರೆದುಕೊಂಡು ಹೋಗಿ, ಬೇಕಾದ ಬಣ್ಣ ಬೇಕಾದಷ್ಟು ಅಳೆಸಿಕೊಂಡು ಬರಬಹುದು. ನಿಮ್ಮದು ಉಲ್ಟಾ. ಇರೋದು ಇಷ್ಟೇ, ಇದರಲ್ಲೇ ಆಗಬೇಕು. ಹಾಗಾಗಿ ಗ್ರಾಫ್ ಹಾಳೆ ಒಂದು ವಾರ ಡ್ರಾಯರಿನಲ್ಲಿರಲಿ. ಎಲ್ಲವನ್ನೂ ಒಗೆಯಿರಿ, ಒಣಗಿಸಿ, ಇಸ್ತ್ರಿ ಮಾಡಿ. ಆಮೇಲೆ ಒಂದೊಂದನ್ನೇ ಕಿಟಕಿಗೆ ಎತ್ತಿ ಹಿಡಿದು ನೋಡಿ. ಮೊಣಕೈ, ಕಾಲರಿನ ಮಡಿಕೆ, ಕಂಕುಳು, ಪ್ಯಾಂಟಿನ ಮೊಣಕಾಲು, ಇಲ್ಲೆಲ್ಲ ಎಳೆ ತೆಳ್ಳಗಾಗಿ ಬೆಳಕು ಹಾಯುತ್ತೆ. ಅಂಥ ಕಡೆ ಸೀಮೆಸುಣ್ಣದಲ್ಲಿ ಗೀಟು ಹಾಕಿ. ಅದನ್ನು ಕೌದಿಗೆ ಹಾಕಿದರೆ ಹೊಲಿಗೆ ಗಟ್ಟಿಯಾಗಿ ಉಳಿದು ಅದರ ಪಕ್ಕದಲ್ಲೇ ಈ ತೆಳುಬಟ್ಟೆ ಹರಿಯುತ್ತದೆ.

ಷರ್ಟು ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ಕಾಲರು, ಕಫ್, ಗುಂಡಿಪಟ್ಟಿ ಕತ್ತರಿಸಿ ತೆಗೆಯಿರಿ. ಅಡ್ಡಹೊಲಿಗೆಗಳನ್ನು ಬಿಚ್ಚುತ್ತಾ ಕೂರಬೇಡಿ, ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ. ಬೆನ್ನಿನ ತುಂಡೇ ದೊಡ್ಡ ಆಸ್ತಿ. ಗುಂಡಿಗಳನ್ನು ಡಬ್ಬಿಗೆ ಹಾಕಿಡಿ.

ದಾರದುಂಡೆ
ಮಾಮಿ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 168 ತ್ರಿಕೋನ ಅಂದ್ರೆ 168 ಓರೆ ಅಂಚು. ಬಟ್ಟೆಯನ್ನು ನೇರವಾಗಿ ಎಳೆದರೆ ಅಷ್ಟಾಗಿ ಹಿಗ್ಗಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನ ಹಾಗೆ ಬರುತ್ತೆ. ಟೈಲರುಗಳು ಕ್ರಾಸ್ ಪೀಸ್ ಅನ್ನುವುದು ಅದನ್ನೇ. ತ್ರಿಕೋನದ ಒಂದು ಅಂಚಾದರೂ ಆ ದಿಕ್ಕಿಗೆ ಬಂದೇ ಬರುತ್ತೆ. ಹತ್ತಾರು ಸಲ ಒಗೆದು ಮೆತ್ತಗಾದ ಷರ್ಟಿನ ಬಟ್ಟೆಯಲ್ಲಂತೂ ಮೆಷಿನ್ನಿಗೆ ಕೊಡುವಷ್ಟರಲ್ಲಿ ಅದು ತ್ರಿಕೋನವಾಗಿ ಉಳಿದಿರಲ್ಲ. ಮೊದಲ ಕೌದಿಗೆ ಚೌಕ ಸಾಕು.

ಮೊದಲಹೊಲಿಗೆ
ಒಪ್ಪಿಕೊಳ್ಳಲೇಬೇಕು. ಇಲ್ಲಿ ಕೇಳುವ ಮುಂಚೆಯೇ ಒಂದು ಬಿಳಿ ಷರ್ಟಿನ ಎದೆಭಾಗದಿಂದ 8 ತ್ರಿಕೋನ ಕತ್ತರಿಸಿ ಜೋಡಿಸಿ ನೋಡಿದ್ದೆ. ನಡುವೆ ಸಣ್ಣ ಗೋಪುರ ಎದ್ದಿದೆ. ಎಷ್ಟು ಇಸ್ತ್ರಿ ಒತ್ತಿದರೂ ಕೂರ್ತಾ ಇಲ್ಲ. ಒತ್ತಿದಷ್ಟೂ ಜಾಸ್ತಿ ಏಳ್ತಾ ಇದೆ!

ಹಾಸುಹೊಕ್ಕು
ಒತ್ತುವಾಗ ಇಸ್ತ್ರಿಪೆಟ್ಟಿಗೆಯನ್ನು ಹಿಂದೆ ಮುಂದೆ ಉಜ್ಜುತ್ತಿದ್ದೀರಿ ಅನ್ನಿಸುತ್ತೆ. ಉಜ್ಜಿದರೆ ಓರೆ ಅಂಚು ಇನ್ನಷ್ಟು ಹಿಗ್ಗುತ್ತೆ. ಇಡಿ, ಎತ್ತಿ, ಪಕ್ಕದಲ್ಲಿ ಇಡಿ. ಅಷ್ಟೇ.

ಎಳೆಯ ದಿಕ್ಕು ಗೊತ್ತಾಗಬೇಕಾದರೆ ಅಂಚಿನಲ್ಲಿ ಚಿಕ್ಕದಾಗಿ ಕಚ್ಚು ಹಾಕಿ ಹರಿಯಿರಿ. ನೇಯ್ದ ಕಾಟನ್ ಬಟ್ಟೆ ಎಳೆ ಹಿಡಿದು ನೆಟ್ಟಗೆ ಹರಿಯುತ್ತದೆ. ಹರಿದ ಗೆರೆಗೆ ಸ್ಕೇಲು ಹೊಂದಿಸಿ ಮುಂದಿನ ಚೌಕ ಕತ್ತರಿಸಿ. ಗೆರೆ ಇರುವ ಷರ್ಟಿನಲ್ಲಿ ಆ ಕಷ್ಟವೂ ಇಲ್ಲ, ನೇಯ್ಗೆಯ ಗೆರೆಯೇ ಎಳೆಯ ದಿಕ್ಕು. ತೋಳಿನ ತುಂಡಿನಲ್ಲಿ ಮಾತ್ರ ಜೋಪಾನ. ಅದರ ಅಂಚು ಇಳಿಜಾರಾಗಿರುತ್ತೆ. ಅಂಚಿಗೆ ಸ್ಕೇಲಿಟ್ಟು ಕತ್ತರಿಸಿದರೆ ಚೌಕವೇ ಓರೆಯಾಗುತ್ತೆ.

ಅವ್ವನ_ಕೌದಿ
ಇಷ್ಟ್ಯಾಕ ಲೆಕ್ಕ ಹಾಕ್ತೀರಿ? ನಮ್ಮವ್ವ ಕೌದಿ ಹೊಲಿಯೂದು ನೋಡಕೋತನ ಬೆಳದಾಂವ ನಾ. ಪೆನ್ಸಿಲ್ ಇಲ್ಲ, ಸ್ಕೇಲ್ ಇಲ್ಲ. ಕೆಳಗ ಒಂದು ಹಳೇ ಸೀರಿ ಹಾಸಾಕಿ, ಮ್ಯಾಲೆ ತುಂಡಿನ ಅಂಚು ಒಳಗ ಮಡಚಿ ಇಡಾಕಿ, ಸೂಜಿ ಓಡಸ್ಕೋತ ಹೋಗಾಕಿ. ಜೋಡಸೂದು, ಹೊಲಿಯೂದು ಎರಡೂ ಒಂದ ಸಲಕ್ಕ ಆಗ್ತಿತ್ತು. ಡಿಸೈನ್ ಅನ್ನೂದು ಹೊಲಿಗಿ ಮುಗಿದ ಮ್ಯಾಲೆ ಕಾಣಸ್ತಿತ್ತು.

ಸಿದ್ದಿ ಜನಾಂಗದ ಹೆಣ್ಣಮಕ್ಕಳು ಹೊಲಿಯೂ ಕವಂದಿ ಅನ್ನೂ ಕೌದಿನೂ ಹಿಂಗ ಐತಿ. ಹೊರಗಿನ ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ತುಂಡು ಹಚ್ಚಿಕೋತ ನಡುವಿಗೆ ಬರತಾರ. ಕಡೀಕ ನಾಲ್ಕೂ ಮೂಲಿಗೆ ಬಟ್ಟಿ ಮಡಚಿದ ಪುಟ್ಟ ತ್ರಿಕೋನ. ಅದಕ್ಕ ‘ಫುಲ’ ಅಂತಾರ, ಅದಿಲ್ಲಂದ್ರ ಕವಂದಿ ಮುಗಿದಂಗಲ್ಲ. ಕೈಹೊಲಿಗಿಗೆ ಇದಕ್ಕಿಂತ ಹಗುರ ದಾರಿ ಇಲ್ಲ ನೋಡ್ರಿ. ಬಟ್ಟಿ ಹಿಗ್ಗಿದ್ರೂ ಕೆಳಗಿನ ಸೀರಿ ಹಿಡಕೊಂಡಿರತೈತಿ.

ಮೊದಲಹೊಲಿಗೆ
@ಅವ್ವನ_ಕೌದಿ ಓದುವಾಗಲೇ ಆಸೆಯಾಯ್ತು. ಆದರೆ ಕೈಹೊಲಿಗೆಯಲ್ಲಿ ನಾನು ಗುಂಡಿ ಹಾಕಿದರೂ ವಾರಕ್ಕೆ ಉದುರುತ್ತೆ. ಈ ಸಲ ಮೆಷಿನ್. ಮುಂದಿನದು ನಿಮ್ಮ ದಾರಿ.

ಟೀಷರ್ಟ್_ಪ್ರೇಮಿ
ಆ 6 ಟೀ ಷರ್ಟುಗಳನ್ನು ಯಾರೂ ಎತ್ತಲೇ ಇಲ್ಲವಲ್ಲ! ನೆನಪು ಇರೋದೇ ಅದರಲ್ಲಿ. ಹಿಂಬದಿಗೆ ಹಗುರವಾದ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಬಟ್ಟೆ) ಅಂಟಿಸಿದರೆ ಅದೂ ನೇಯ್ದ ಬಟ್ಟೆಯ ಹಾಗೇ ವರ್ತಿಸುತ್ತೆ. ಕ್ರಮ ಮಾತ್ರ ತಪ್ಪಬಾರದು. ಮೊದಲು ದೊಡ್ಡದಾಗಿ ಒರಟಾಗಿ ಕತ್ತರಿಸಿ, ಫ್ಯೂಸಿಂಗ್ ಅಂಟಿಸಿ, ಆಮೇಲೆ ಅಳತೆಗೆ ಕತ್ತರಿಸಿ. ಮೊದಲೇ ಅಳತೆಗೆ ಕತ್ತರಿಸಿದರೆ ಅಂಚು ಸುರುಳಿ ಸುತ್ತಿಕೊಂಡು ಕೂರುತ್ತೆ. ಎದೆ ಮೇಲಿನ ಪ್ರಿಂಟಿಗೆ ನೇರವಾಗಿ ಇಸ್ತ್ರಿ ಮುಟ್ಟಿಸಬೇಡಿ, ಕರಗಿ ಹಿಡಿದುಕೊಳ್ಳುತ್ತೆ.

ಕತ್ತರಿಮಾಮಿ
ಒಪ್ಪಲ್ಲ. ಫ್ಯೂಸಿಂಗ್ ಹಾಕಿದರೆ ಆಗುತ್ತೆ, ಸರಿ. ಆದರೆ ಪಕ್ಕದಲ್ಲಿರುವ ತೆಳು ಷರ್ಟಿನ ಚೌಕಕ್ಕೂ ಇದಕ್ಕೂ ದಪ್ಪದಲ್ಲಿ ಹೊಂದಲ್ಲ, ಕೈಯಿಟ್ಟರೆ ರಟ್ಟು ಮುಟ್ಟಿದ ಹಾಗಿರುತ್ತೆ. ಬಗೆಬಗೆ ದಪ್ಪ ಬೆರೆಸಿದ ಕೌದಿ ಮೊದಲು ಹರಿಯುವುದು ಆ ಎರಡು ಸೇರುವ ಕಡೆಯಲ್ಲೇ. ಟೀ ಷರ್ಟಿನದ್ದು ಬೇರೆಯೇ ಒಂದು ಮಾಡಲಿ.

ಟೀಷರ್ಟ್_ಪ್ರೇಮಿ
ನಾನು ಬೆರೆಸಿ ಹೊಲಿದ ಎರಡು ಮನೆಯಲ್ಲಿವೆ. ಇನ್ನೂ ಹರಿದಿಲ್ಲ ಮಾಮಿ.

ಕತ್ತರಿಮಾಮಿ
‘ಇನ್ನೂ’ ಅಂದ್ರಲ್ಲ, ಅದು.

ಹಾಸುಹೊಕ್ಕು
ಅವರಿಬ್ಬರ ಜಗಳ ಹಳೆಯದು, ನಡೆಯಲಿ. ಆ ಗೊತ್ತಿಲ್ಲದ ಹಸಿರು ಸ್ಕರ್ಟಿಗೆ ಬರೋಣ. ಒಳಮಡಿಕೆಯಿಂದ ಎರಡು ಬೆರಳಗಲ ಎಳೆ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ನೀರಿರುವ ಪಾತ್ರೆಯ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿದರೆ ಕಾಟನ್, ಇಲ್ಲವೇ ರೇಯಾನ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಉಣ್ಣೆ. ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಅಂದಾಕ್ಷಣ ಬಿಸಾಡಬೇಕಿಲ್ಲ. ಆದರೆ ಕಾಟನ್ನಿಗೆ ಬೇಕಾದ ಇಸ್ತ್ರಿಯ ಬಿಸಿ ಅದಕ್ಕೆ ತಡೆಯಲ್ಲ, ಅದು ತಡೆಯುವ ಬಿಸಿಗೆ ಕಾಟನ್ ಕೂರಲ್ಲ. ಒಂದೇ ಬ್ಲಾಕಿನಲ್ಲಿ (ಕೌದಿಯ ಒಂದು ಮನೆ) ಎರಡೂ ಇದ್ದರೆ ಇಸ್ತ್ರಿ ಹಿಡಿದವರಿಗೆ ಸಂಕಟ.

ರೇಷ್ಮೆ ಬ್ಲೌಸ್ ಬೇಡವೇ ಬೇಡ. ಹಳೇ ರೇಷ್ಮೆ ಮಡಿಕೆಯಲ್ಲೇ ಸೀಳುತ್ತೆ. ಕೌದಿ ಅಂದ್ರೆ ಒಗೆಯುವ ವಸ್ತು.

*(ಐದು ದಿನದ ನಂತರ)*

ಮೊದಲಹೊಲಿಗೆ
ಒಗೆದೆ, ಒಣಗಿಸಿದೆ, ಕಿಟಕಿಗೆ ಹಿಡಿದೆ. ವರದಿ:

ಹಸಿರು ಸ್ಕರ್ಟು ಮಣಿಯಾಯ್ತು, ಹೊರಗೆ. ಎರಡು ಷರ್ಟಿನ ಮೊಣಕೈ ಜರಡಿಯಾಗಿದೆ, ಉಳಿದದ್ದು ಗಟ್ಟಿ. ಮರೂನ್ ಫ್ರಾಕ್ ಮೂರನೇ ಸಲ ಒಗೆದಾಗಲೂ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಹತ್ತುತ್ತೆ.

ದೊಡ್ಡ ತೊಂದರೆ ಬೇರೆ ಇದೆ. ಎಲ್ಲವನ್ನೂ ನೆಲದ ಮೇಲೆ ಹರಡಿ ನೋಡಿದೆ. ಚಿತ್ರದಲ್ಲಿ ಅಂದುಕೊಂಡ ಹಾಗಿಲ್ಲ. ತಿಳಿನೀಲಿ, ಬಿಳಿಗೆರೆ, ತಿಳಿಬೂದು, ಕೆನೆ, ಎಲ್ಲ ಸೇರಿ ಮಬ್ಬು ಮಬ್ಬಾಗಿ ಒಂದೇ ಮುದ್ದೆ. ಏನೂ ಎದ್ದು ಕಾಣ್ತಾ ಇಲ್ಲ.

ದಾರದುಂಡೆ
ಮರೂನ್ ಕೈಬಿಡಿ. ಬಿಳಿ ಷರ್ಟಿನ ಪಕ್ಕ ಕೂತು ಒಂದೇ ಒಗೆತಕ್ಕೆ ಎಲ್ಲವನ್ನೂ ಗುಲಾಬಿ ಮಾಡುತ್ತೆ.

ಇನ್ನು ಮುದ್ದೆ. ಡಿಸೈನಿನ ನಿಜವಾದ ಪಾಠ ಇಲ್ಲಿಂದ ಶುರು. ನಾವೆಲ್ಲ ಬಣ್ಣಕ್ಕೆ ಬಣ್ಣ ಹೊಂದಿಸುತ್ತಾ ಕೂರ್ತೀವಿ. ದೂರದಿಂದ ನೋಡುವವರ ಕಣ್ಣಿಗೆ ಮೊದಲು ಬೀಳೋದು ತಿಳಿ ಯಾವುದು, ಕಡು ಯಾವುದು ಅನ್ನುವುದು. ಫೋನಿನಲ್ಲಿ ಆ ರಾಶಿಯ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ತಿಳಿನೀಲಿ, ತಿಳಿಗುಲಾಬಿ, ಕೆನೆ ಮೂರೂ ಒಂದೇ ಬೂದಿಯಾಗಿ ಕಾಣುತ್ತೆ. ಬಣ್ಣ ಬೇರೆಯಾದರೂ ಡಿಸೈನಿನ ಮಟ್ಟಿಗೆ ಅವು ಒಂದೇ ಬಟ್ಟೆ.

ಫೋಟೋ ನೋಡಿ ಮೂರು ಗುಡ್ಡೆ ಮಾಡಿ: ತಿಳಿ, ನಡು, ಕಡು. ಚಿತ್ರ ಆಮೇಲೆ.

ಮೊದಲಹೊಲಿಗೆ
ಮಾಡಿದೆ. ತಿಳಿ 7 ಷರ್ಟು. ನಡು ಸೊನ್ನೆ. ಕಡು: ಕಡುನೀಲಿ ಚೌಕಳಿ, ಕಾಫಿ, ಎರಡು ಜೀನ್ಸ್. ಕಾಫಿಯೂ ಕಡುನೀಲಿಯೂ ಫೋಟೋದಲ್ಲಿ ಅಣ್ಣತಮ್ಮಂದಿರ ಹಾಗಿವೆ!

ದಾರದುಂಡೆ
ಹಾಗಾದರೆ ನಿಮ್ಮ ಡಿಸೈನ್ ಆಗಲೇ ಆಯ್ತು. ತಿಳಿ ಬೇಕಾದಷ್ಟು, ಕಡು ಸ್ವಲ್ಪ. ತಿಳಿ ಬಯಲಿನ ಮೇಲೆ ಕಡು ಗೆರೆ ಓಡಬೇಕು.

ಮೊದಲು ಷರ್ಟು ಎಷ್ಟು ಕೊಡುತ್ತೆ ನೋಡೋಣ. ಅಗಲ ಬೆನ್ನಿನ ಷರ್ಟಿನಲ್ಲಿ 10½ ಇಂಚಿನ ಚೌಕ ನಾಲ್ಕು ಸಿಗುತ್ತೆ. ಎದೆಭಾಗದಲ್ಲಿ ಗುಂಡಿಪಟ್ಟಿ ತೆಗೆದ ಮೇಲೆ ಅಗಲ ಒಂಬತ್ತರ ಆಸುಪಾಸು, 10½ರದ್ದು ಒಂದೂ ಬರಲ್ಲ. ಆದರೆ 5½ರದ್ದು ಸಲೀಸಾಗಿ ಬರುತ್ತೆ, ತೋಳಿನಲ್ಲೂ ಬರುತ್ತೆ. ಹಾಗಾಗಿ ಎರಡು ಬಗೆಯ ಬ್ಲಾಕು ಮಾಡಿ. ಒಂದು, ಬೆನ್ನಿನಿಂದ ಕತ್ತರಿಸಿದ ಇಡೀ 10½ರ ತಿಳಿ ಚೌಕ. ಇನ್ನೊಂದು, 5½ರ ನಾಲ್ಕು ಚೌಕ ಸೇರಿಸಿದ್ದು: ಎರಡು ಕಡು, ಎರಡು ತಿಳಿ, ಕಡು ಎದುರುಬದುರು ಮೂಲೆಯಲ್ಲಿ. ಹೊಲಿಗೆಗೆ ಎಲ್ಲ ಕಡೆ ಕಾಲಿಂಚು ಬಿಟ್ಟರೆ ಈ ನಾಲ್ಚೌಕವೂ 10½ ಆಗುತ್ತೆ, ಪಕ್ಕದ ಬ್ಲಾಕುಗಳಿಗೆ ಸೇರಿಸಿದ ಮೇಲೆ ಎರಡೂ 10 ಇಂಚಿಗೆ ಬಂದು ನಿಲ್ಲುತ್ತವೆ.

ಅಡ್ಡ 5, ಉದ್ದ 6, ಒಟ್ಟು 30 ಬ್ಲಾಕು. ಚದುರಂಗದ ಮನೆಯ ಹಾಗೆ ಒಂದು ಬಿಟ್ಟು ಒಂದು: ಇಡೀ ಚೌಕ 15, ನಾಲ್ಚೌಕ 15. ಅಂದರೆ ದೊಡ್ಡ ತಿಳಿ 15, ಚಿಕ್ಕ ತಿಳಿ 30, ಚಿಕ್ಕ ಕಡು 30. ಕಡುಬಣ್ಣದ ಎರಡು ಷರ್ಟುಗಳಲ್ಲೇ 30 ಮೀರಿ ಸಿಗುತ್ತೆ. ಜೀನ್ಸ್ ಮುಟ್ಟುವುದೇ ಬೇಡ.

ಎಲ್ಲ ನಾಲ್ಚೌಕಗಳನ್ನೂ ಒಂದೇ ಕಡೆ ಮುಖ ಮಾಡಿ ಇಟ್ಟರೆ ಕಡು ಚೌಕಗಳು ಮೂಲೆಗೆ ಮೂಲೆ ತಾಗಿಕೊಂಡು ಇಡೀ ಕೌದಿಯ ಮೇಲೆ ಓರೆಯಾಗಿ ಸರಪಳಿ ಓಡುತ್ತೆ. ಒಂದೂ ತ್ರಿಕೋನ ಕತ್ತರಿಸದೆ ಓರೆ ಗೆರೆ.

ಮೊದಲಹೊಲಿಗೆ
ಗ್ರಾಫ್ ಹಾಳೆಯ ಹಿಂಬದಿಯಲ್ಲೇ ಬರೆದು ನೋಡಿದೆ. ನಿಜ, ಸರಪಳಿ! 168 ತ್ರಿಕೋನಕ್ಕೆ ಕೈಮುಗಿದೆ.

ಕತ್ತರಿಮಾಮಿ
ಒಂದೇ ಒಂದು ನಾಲ್ಚೌಕ ಹೊಲಿದು, ಅಳೆದು, ಅಳತೆ ಇಲ್ಲಿ ಹಾಕಿ. ಅಲ್ಲಿಯವರೆಗೆ ಇನ್ನೊಂದು ಹೊಲಿಯಬೇಡಿ. ಮೆಷಿನ್ನಿಗೆ 80ರ ಹೊಸ ಸೂಜಿ, ಹೊಲಿಗೆಯ ಉದ್ದ ಎರಡರಿಂದ ಎರಡೂವರೆ ಮಿಲಿಮೀಟರ್.

ಮೊದಲಹೊಲಿಗೆ
ಮಾಮಿ, 10½ ಬರಬೇಕಿತ್ತು. ಬಂದದ್ದು ಹತ್ತೂಕಾಲು. ಮೂರು ಸಲ ಅಳೆದೆ.

ಕತ್ತರಿಮಾಮಿ
ಅಂದುಕೊಂಡೆ. ಪ್ರೆಷರ್ ಫುಟ್ಟಿನ (ಸೂಜಿಯ ಕೆಳಗೆ ಬಟ್ಟೆ ಒತ್ತಿಹಿಡಿಯುವ ಪಾದ) ಅಂಚಿಗೆ ಬಟ್ಟೆ ಹೊಂದಿಸಿ ಹೊಲಿದಿರಿ, ಅಲ್ವಾ? ಎಷ್ಟೋ ಮೆಷಿನ್ನುಗಳಲ್ಲಿ ಸೂಜಿಯಿಂದ ಆ ಅಂಚಿಗೆ ಕಾಲಿಂಚಲ್ಲ, ಅದಕ್ಕಿಂತ ಜಾಸ್ತಿ. ನಿಮ್ಮದರಲ್ಲಿ ಮೂರು ದಾಣೆ ಇರಬೇಕು, ಅಂದರೆ ಇಂಚಿನ ಎಂಟರಲ್ಲಿ ಮೂರು ಭಾಗ. ಹೊಲಿಗೆಯ ಎರಡೂ ಬದಿಗೆ ಒಂದೊಂದು ದಾಣೆ ಜಾಸ್ತಿ ಹೋಯ್ತು, ಒಟ್ಟು ಕಾಲಿಂಚು ಮಾಯ.

ಸೂಜಿಯಿಂದ ಸರಿಯಾಗಿ ಕಾಲಿಂಚು ಅಳೆದು ಮೆಷಿನ್ನಿನ ತಟ್ಟೆಯ ಮೇಲೆ ಅಂಟುಪಟ್ಟಿ ಅಂಟಿಸಿ. ಬಟ್ಟೆಯ ಅಂಚು ಅದನ್ನು ತಾಗಿಕೊಂಡೇ ಓಡಲಿ.

ಮೊದಲಹೊಲಿಗೆ
ಈಗ ಇನ್ನೊಂದು ತಪ್ಪೊಪ್ಪಿಗೆ. ನಿಮ್ಮ ಮಾತು ಮೀರಿ 15ನ್ನೂ ಹೊಲಿದುಬಿಟ್ಟಿದ್ದೇನೆ. ಕೈ ನಿಲ್ಲಲಿಲ್ಲ. ಎಲ್ಲವೂ ಹತ್ತೂಕಾಲೇ. ಬಿಚ್ಚಲಾ?

ಟೀಷರ್ಟ್_ಪ್ರೇಮಿ
ಬಿಚ್ಚಬೇಡಿ! 15ಕ್ಕೆ 15ರಲ್ಲೂ ಒಂದೇ ತಪ್ಪು ಅಂದರೆ ಅದು ತಪ್ಪಲ್ಲ, ಅಳತೆ. ಇಡೀ ಚೌಕಗಳನ್ನೂ ಹತ್ತೂಕಾಲಿಗೆ ಕತ್ತರಿಸಿಬಿಡಿ. ಬ್ಲಾಕು 9¾ಕ್ಕೆ ಬರುತ್ತೆ.

ದಾರದುಂಡೆ
ಉಪಾಯ ಸರಿ, ಲೆಕ್ಕದಲ್ಲಿ ಸ್ವಲ್ಪ ಜೋಪಾನ. ಬ್ಲಾಕು ಬ್ಲಾಕು ಸೇರಿಸುವಾಗ ಕಾಲಿಂಚು ಬಿಟ್ಟರೆ 9¾ ಬರುತ್ತೆ ನಿಜ. ಆದರೆ ನಾಲ್ಚೌಕದ ಒಳಗೆ ಮೂರು ದಾಣೆ ಹೋಗಿದೆ. ಮುಂದೆಯೂ ಅದೇ ಮೂರು ದಾಣೆ ಬಿಟ್ಟೇ ಸೇರಿಸಿ. ಆಗ ಚಿಕ್ಕ ಚೌಕ ಎಲ್ಲ ಬದಿಗೂ ಸಮವಾಗಿ 4¾, ಬ್ಲಾಕು 9½. ಕೌದಿ 47½ ಅಗಲ, 57 ಉದ್ದ. ಎರಡೂವರೆ, ಮೂರು ಇಂಚು ಹೋಯ್ತು ಅಂತ ಯಾರೂ ಚಳಿಯಲ್ಲಿ ನಡುಗಲ್ಲ. ಅಂಟುಪಟ್ಟಿ ಮುಂದಿನ ಕೌದಿಗೆ ಇರಲಿ.

ಸಾಲು ಸೇರಿಸುವಾಗ ಒಂದು ಸಾಲಿನ ಹೊಲಿಗೆಯ ಮಡಿಕೆಗಳನ್ನು ಬಲಕ್ಕೆ ಒತ್ತಿ, ಮುಂದಿನ ಸಾಲಿನದ್ದನ್ನು ಎಡಕ್ಕೆ. ಎರಡು ಹೊಲಿಗೆ ಎದುರುಬದುರಾದಾಗ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬೆರಳಿಗೆ ‘ಟಕ್’ ಅಂತ ಕೂತದ್ದು ಗೊತ್ತಾಗುತ್ತೆ. ಆ ಟಕ್ ಸಿಕ್ಕಿದರೆ ಮೂಲೆ ಕೂಡಿತು ಅಂತ.

ಮೊದಲಹೊಲಿಗೆ
ನಡುವೆ ಏನು ತುಂಬಲಿ? ಹಿಂಬದಿಗೆ ಹಳೇ ಬೆಡ್‌ಶೀಟ್ ಇದೆ.

ಹಾಸುಹೊಕ್ಕು
ಬಹಳ ಸಲ ಒಗೆದ ತೆಳು ಕಂಬಳಿ ಇದ್ದರೆ ಅದೇ ಒಳ್ಳೆಯದು, ಕುಗ್ಗುವಷ್ಟು ಆಗಲೇ ಕುಗ್ಗಿರುತ್ತೆ. ಬಿಡಿ ಹತ್ತಿ ತುಂಬಬೇಡಿ. ಹೊಲಿಗೆ ಒತ್ತೊತ್ತಾಗಿ ಇಲ್ಲದಿದ್ದರೆ ಒಗೆದಾಗ ಉಂಡೆಕಟ್ಟಿ ಮೂಲೆ ಸೇರುತ್ತೆ.

ಬೆಡ್‌ಶೀಟ್ ಮೆಷಿನ್ನಿಗೆ ತೊಂದರೆಯಿಲ್ಲ. ಕೈಸೂಜಿಯವರಿಗೆ ಮಾತ್ರ ಅದರ ಒತ್ತು ನೇಯ್ಗೆ ಕಾಟ. ಸುತ್ತಲೂ ನಾಲ್ಕು ಇಂಚು ಹೆಚ್ಚಿಗೆ ಬಿಟ್ಟು ನೆಲಕ್ಕೆ ಎಳೆದು ಟೇಪಿನಲ್ಲಿ ಅಂಟಿಸಿ, ಮೇಲೆ ಕಂಬಳಿ, ಅದರ ಮೇಲೆ ಚೌಕಗಳ ಹಾಸು. ನಡುವಿನಿಂದ ಹೊರಕ್ಕೆ ಸವರುತ್ತಾ, ನಾಲ್ಕು ಇಂಚಿಗೊಂದರಂತೆ ಪಿನ್ನು. ಬೇಸರದ ಕೆಲಸ, ಮೊಣಕಾಲು ನೋಯುತ್ತೆ. ಇಲ್ಲಿ ಅವಸರ ಮಾಡಿದವರ ಕೌದಿಯ ಹಿಂಬದಿ ನೋಡಬೇಕು, ನಿರಿಗೆ ನಿರಿಗೆ.

ಅವ್ವನ_ಕೌದಿ
ಒಂದು ಮಾತು. ಆ ಎರಡು ಜೀನ್ಸ್ ಮೂಲ್ಯಾಗ ಒಗೀಬ್ಯಾಡ್ರಿ. ಅಮೆರಿಕದ ಅಲಬಾಮಾದಾಗ ಜೀಸ್ ಬೆಂಡ್ ಅಂತ ಊರು ಐತಿ. ಅಲ್ಲಿ ಕರಿಯ ಹೆಣ್ಣಮಕ್ಕಳು ಹೊಲದ ಕೆಲಸದ ಹಳೇ ಪ್ಯಾಂಟು, ಅಂಗಿಯಿಂದ ಹೊಲದ ಕೌದಿ 2002ರಾಗ ಹ್ಯೂಸ್ಟನ್ನಿನ ಮ್ಯೂಸಿಯಮ್ಮಿನಾಗ, ಆಮ್ಯಾಲ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಾಗ ಗ್ವಾಡಿ ಮ್ಯಾಲೆ ತೂಗು ಹಾಕಿದ್ರು. 2006ರಾಗ ಅಂಚೆಚೀಟಿನೂ ಬಂತು. ಅದರಾಗ ಡೆನಿಮ್ಮಿನ ಕೌದಿ ನೋಡ್ರಿ. ಬಿಸಿಲಿಗೆ ಮಾಸಿದ ಬಟ್ಟ್ಯಾಗ ಕಿಸೆ ಬಿಚ್ಚಿದ ಜಾಗ ಮಾತ್ರ ಕಡುನೀಲಿ ಹಂಗ ಉಳದೈತಿ. ಅದನ್ನ ಅವರು ಮುಚ್ಚಿಲ್ಲ, ಅದ ಡಿಸೈನ್.

ಮೊದಲಹೊಲಿಗೆ
ಈಗಷ್ಟೇ ಜೀನ್ಸಿನ ಹಿಂದಿನ ಜೇಬು ಬಿಚ್ಚಿ ನೋಡಿದೆ. ಹೌದು. ಕೊಂಡ ದಿನದ ನೀಲಿ ಇದೆ ಅಲ್ಲಿ.

*(ಮೂರು ವಾರದ ನಂತರ)*

ಮೊದಲಹೊಲಿಗೆ
ಮೇಲ್ಹಾಸು ಮುಗೀತು, ಕಂಬಳಿ, ಬೆಡ್‌ಶೀಟ್ ಸೇರಿಸಿ ಹೊಲಿದೂ ಆಯ್ತು. ಚೌಕಗಳ ಹೊಲಿಗೆಯ ಪಕ್ಕದಲ್ಲೇ ನೇರ ಗೆರೆ, ಅಷ್ಟೇ. ಮಂಚದ ಮೇಲೆ ಹಾಸಿ ಕಪ್ಪು-ಬಿಳುಪು ಫೋಟೋ ತೆಗೆದೆ. ಆಗ ಕಾಣಿಸಿತು: ನಾಲ್ಕನೇ ಸಾಲಿನಲ್ಲಿ ಒಂದು ನಾಲ್ಚೌಕ ತಿರುಗಿ ಕೂತಿದೆ. ಸರಪಳಿ ಅಲ್ಲಿ ಕಡಿದುಹೋಗಿದೆ. ಹೊಲಿಯುವಾಗ ಮೂರು ವಾರ ಅದನ್ನೇ ನೋಡುತ್ತಿದ್ದೆ, ಒಂದು ಸಲವೂ ಕಂಡಿಲ್ಲ.

ಟೀಷರ್ಟ್_ಪ್ರೇಮಿ
ಬಿಡಿ, ಹಾಗೇ ಇರಲಿ. ಅದು ನಿಮ್ಮ ಸಹಿ.

ಕತ್ತರಿಮಾಮಿ
ಸಹಿಗಿಹಿ ಅಂತ ಸಮಾಧಾನ ಹೇಳಬೇಡಿ, ಅದು ತಪ್ಪೇ. ಆದರೆ ಮೂರೂ ಪದರ ಸೇರಿಸಿ ಹೊಲಿದಾದ ಮೇಲೆ ಬಿಚ್ಚಲು ಹೋದರೆ ಹಳೇ ಷರ್ಟಿನ ಬಟ್ಟೆ ಸೂಜಿತೂತಿನಲ್ಲೇ ಸೀಳುತ್ತೆ. ಮುಟ್ಟಬೇಡಿ. ಇನ್ನು ಮೇಲೆ ಸಾಲು ಸೇರಿಸುವ ಮುಂಚೆಯೇ ಫೋಟೋ ತೆಗೆಯಿರಿ.

ಅಂಚುಪಟ್ಟಿಗೆ ಎರಡೂವರೆ ಇಂಚಿನ ಪಟ್ಟಿಗಳು ಬೇಕು. ಸುತ್ತಳತೆ 209, ಮೂಲೆ ತಿರುಗಿಸಲು, ಕೊನೆ ಸೇರಿಸಲು ಒಂದು ಹನ್ನೆರಡು. ಷರ್ಟಿನ ಪಟ್ಟಿ ಒಂದೊಂದೂ 27ರ ಹತ್ತಿರ ಇರುತ್ತೆ, ಓರೆಯಾಗಿ ಜೋಡಿಸುವಾಗ ಸ್ವಲ್ಪ ಹೋಗುತ್ತೆ. 10 ಪಟ್ಟಿ ಕತ್ತರಿಸಿಡಿ. ಅಂಚು ನೇರವಾಗಿರೋದರಿಂದ ಕ್ರಾಸ್ ಪೀಸ್ ಬೇಕಿಲ್ಲ.

ಮೊದಲಹೊಲಿಗೆ
ಕಾಫಿ ಷರ್ಟಿನಲ್ಲಿ 6 ಪಟ್ಟಿ ಸಿಕ್ಕಿತು. ಉಳಿದ ನಾಲ್ಕಕ್ಕೆ ಜೀನ್ಸ್ ಹಾಕಬಹುದಾ?

ಕತ್ತರಿಮಾಮಿ
ಬೇಡ. ಮಡಚಿದ ಡೆನಿಮ್ ಮೂಲೆಯಲ್ಲಿ ಆರೇಳು ಪದರ ಆಗಿ ಸೂಜಿ ಮುರಿಯುತ್ತೆ. ಚೌಕಳಿ ಷರ್ಟಿನಲ್ಲಿ ಮಿಕ್ಕಿದ್ದು ಹಾಕಿ.

ಮೊದಲಹೊಲಿಗೆ
ಸರಿ. ಜೀನ್ಸನ್ನು ಜೇಬಿನ ಗುರುತಿನ ಸಮೇತ ಬೇರೆ ಎತ್ತಿಟ್ಟೆ. @ಅವ್ವನ_ಕೌದಿ, ದಪ್ಪ ಬಟ್ಟೆಗೆ ಕೈಹೊಲಿಗೆ ಯಾವ ಸೂಜಿಯಲ್ಲಿ ಮಾಡ್ತಾರೆ?